ಕಿರುಬೆರಳಿನ ಕುಳಿ

"ಕುಣಿಯೋಕೆ ಬಾರದವಳು ನೆಲ ಡೊಂಕು ಅಂದಳಂತೆ. ಹಿಡಿ ಸರಿಯಾಗೇ ಇದೆ ಮೇಡಂ, ನಿಮ್ಮ ಕೈ ಪಳಗಬೇಕು ಅಷ್ಟೆ," ಎಂದು ಕ್ಯಾಮೆರಾ ಅಂಗಡಿಯವನು ನಗುನಗುತ್ತಲೇ ಗಿರಾಕಿಯೊಬ್ಬಳಿಗೆ ಬುದ್ಧಿ ಹೇಳುತ್ತಿದ್ದಾಗ ಹಿಡಿಗಾರ್ತಿ ಒಳಗೆ ಕಾಲಿಟ್ಟಳು.

ಹಳೆಯ ರೀಲು ಕ್ಯಾಮೆರಾಗಳಿಗೆ ಮರದ ಹಿಡಿ ಕೆತ್ತುವುದು ಅವಳ ಕಸುಬು. ಮೂರು ತಿಂಗಳ ಹಿಂದೆ ಈ ಮಹಾರಾಯ ಮನೆಗೇ ಬಂದು, ಒಂದು ವಾರ ಅಂಗಡಿಯಲ್ಲಿಡುತ್ತೇನೆ, ನಾಲ್ಕು ಜನ ನೋಡಲಿ ಎಂದು ಬೆಣ್ಣೆ ಹಚ್ಚಿ ಒಂದು ಹಿಡಿಯನ್ನು ಒಯ್ದಿದ್ದ. ವಾರಕ್ಕೆ ಸರಿಯಾಗಿ ತಂದೂ ಕೊಟ್ಟಿದ್ದ. ಮಾತಿಗೆ ತಪ್ಪದ ಮನುಷ್ಯ ಎಂದು ಅವಳು ಊರೆಲ್ಲ ಹೊಗಳಿಕೊಂಡು ಬಂದಿದ್ದಳು!

ಆ ಹಿಡಿ ಮಾರಾಟಕ್ಕೆ ಮಾಡಿದ್ದಲ್ಲ, ಅಕ್ಕನದು. ಫೋಟೋ ತೆಗೆದೇ ಹೊಟ್ಟೆ ಹೊರೆಯುವ ಅಕ್ಕನ ಕಿರುಬೆರಳು ಬಸ್ಸಿನ ಬಾಗಿಲಿಗೆ ಸಿಕ್ಕಿ ಕೊಕ್ಕೆಯಂತೆ ಒಳಕ್ಕೆ ಬಾಗಿಬಿಟ್ಟಿತ್ತು. ಕ್ಯಾಮೆರಾ ಕೈಯಲ್ಲಿ ನಿಲ್ಲುವುದಿಲ್ಲ, ಇನ್ನು ನನ್ನ ಕಥೆ ಮುಗಿಯಿತು ಎಂದು ಅಕ್ಕ ಅತ್ತಿದ್ದಳು. ಆಗ ತಂಗಿ ಅವಳಿಂದ ಜೇಡಿಮಣ್ಣಿನ ಉಂಡೆ ಹಿಸುಕಿಸಿ, ಅಚ್ಚು ನೋಡಿ, ಹನ್ನೊಂದು ಸಲ ಕೆತ್ತಿ ಕೆಡಿಸಿ, ಆ ಬೆರಳಿಗೆಂದೇ ಹಿಡಿಯ ಬುಡದಲ್ಲಿ ಓರೆಯಾಗಿ ಒಂದು ಕುಳಿ ತೋಡಿದ್ದಳು.

ಈಗ ಗಾಜಿನ ಹಿಂದೆ ಸಾಲಾಗಿ ಕೂತ ಪ್ಲಾಸ್ಟಿಕ್ ಹಿಡಿಗಳಲ್ಲೆಲ್ಲ ಅದೇ ಓರೆ ಕುಳಿ. ಕದಿಯುವುದಕ್ಕೂ ಒಂದಿಷ್ಟು ಬುದ್ಧಿ ಬೇಡವೇ? ಅವಳ ಮೈಯೆಲ್ಲ ಉರಿದುಹೋಯಿತು.

ಅಂಗಡಿಯವನು ಪೆಚ್ಚಾಗುವ ಜಾತಿಯವನಲ್ಲ. ಒಳ್ಳೇ ಹೊತ್ತಿಗೆ ಬಂದಿರಿ ಎಂದು ಬರಮಾಡಿಕೊಂಡು, ಇದರ ಮೂಲ ಇವರದೇ ಕೈಕೆಲಸ, ಹಿಡಿ ಸರಿಯಿದೆಯೋ ಇಲ್ಲವೋ ಬೇಕಾದರೆ ಇವರನ್ನೇ ಕೇಳಿ ಎಂದು ಗಿರಾಕಿಗೆ ತೋರಿಸಿಬಿಟ್ಟ. ಹಿಡಿಗಾರ್ತಿಯ ಬಳಿ ಬರುವ ಹತ್ತು ಜನರಲ್ಲಿ ಎಂಟು ಜನರನ್ನು ಕಳಿಸುವವನು ಇವನೇ. ಇವನನ್ನು ಎದುರು ಹಾಕಿಕೊಂಡರೆ ಉಳಿ ಮೂಲೆಗಿಟ್ಟು ಕೂರಬೇಕು. ಹೂಂ ಎಂದರೆ ಸಾಕಿತ್ತು.

ಗಿರಾಕಿ ಶಾಲೆಯ ಮೇಷ್ಟ್ರಮ್ಮ. ತಿಂಗಳಿಂದ ಒದ್ದಾಡುತ್ತಿದ್ದೇನೆ, ನನ್ನ ಕೈಯಲ್ಲೇ ಏನೋ ಐಬಿರಬೇಕು ಎಂದು ಸಂಕೋಚಪಡುತ್ತಲೇ ಆಕೆ ಕಿರುಬೆರಳನ್ನು ಬಲವಂತವಾಗಿ ಬಗ್ಗಿಸಿ ಕುಳಿಯೊಳಕ್ಕೆ ತುರುಕುತ್ತಿದ್ದಳು.

ಹಿಡಿಗಾರ್ತಿಗೆ ತಡೆಯಲಾಗಲಿಲ್ಲ. "ಬೆರಳು ತೆಗೀರಿ ಮೇಡಂ. ನಿಮ್ಮ ಕೈಯಲ್ಲಿ ಯಾವ ಐಬೂ ಇಲ್ಲ. ಇದು ನಮ್ಮಕ್ಕನ ಮುರಿದ ಬೆರಳಿಗೆ ಅಂತ ತೋಡಿದ ಕುಳಿ. ಇವರು ಕದ್ದಿದ್ದಾರೆ. ಯಾಕೆ ಹೀಗಿದೆ ಅಂತ ಕೇಳೋ ಗೋಜಿಗೂ ಹೋಗಿಲ್ಲ."

"ನಿಮ್ಮ ಅನ್ನಕ್ಕೆ ನೀವೇ ಕಲ್ಲು ಹಾಕ್ಕೊಂಡ್ರಿ," ಎಂದ ಅಂಗಡಿಯವನು. ಗೋಡೆಗೆ ಅಂಟಿಸಿದ್ದ ಅವಳ ವಿಳಾಸದ ಚೀಟಿಯನ್ನು ಕಿತ್ತು, ಮುದುರಿ, ಕಸದ ಬುಟ್ಟಿಗೆ ಎಸೆದ. ಎಸೆದರೆ ಎಸೆಯಲಿ ಎಂದು ಅವಳು ಅಲ್ಲಾಡದೆ ನಿಂತಳು.

ಮೇಷ್ಟ್ರಮ್ಮ ಬೆರಳನ್ನು ಮೆಲ್ಲಗೆ ಹೊರಗೆಳೆದಳು. ಅಂಚು ಒತ್ತಿದ ಕಡೆ ಕೆಂಪು ಗೆರೆ ಎದ್ದಿತ್ತು. ಗಾಜಿನ ಮೇಲೆ ಅಂಗೈ ಬಿಚ್ಚಿಟ್ಟು, ಐದೂ ಬೆರಳುಗಳನ್ನು ನೆಟ್ಟಗೆ ಚಾಚಿ, ಆಕೆ ತನ್ನ ಕೈಯನ್ನು ತಾನೇ ನೋಡುತ್ತ ನಿಂತಳು.