ತಡಿಯಣ್ಣನ ಎರಡು ಫಲಕ

"ಒಂದು ಗೋರಿಗೆ ಎರಡು ಫಲಕ ಯಾಕ್ರಪ್ಪಾ?" ಎನ್ನುತ್ತಲೇ ಅವಳು ಎರಡನ್ನೂ ಬಟ್ಟೆಯಿಂದ ಬಿಚ್ಚಿ ಹೊಲಿಗೆ ಯಂತ್ರದ ಪಕ್ಕ ಇಟ್ಟಳು. ಎರಡೂ ಹಿತ್ತಾಳೆಯವು. ಎರಡರ ಮೇಲೂ ಅವಳ ಗಂಡನ ಹೆಸರು. ಒಳಕೋಣೆಯಲ್ಲಿ ಅವನನ್ನು ಮಲಗಿಸಿದ್ದರು. ಮೂರು ಗಂಟೆಗೆ ಮಣ್ಣು.

ಫಲಕ ತಂದವರು ಅವನ ಜೊತೆ ಕಾರ್ಖಾನೆಯಲ್ಲಿ ದುಡಿದವರು. ಒಬ್ಬ ಬೋಳ, ಐವತ್ತಾರು ವರ್ಷ. ಇನ್ನೊಬ್ಬ ಕನ್ನಡಕ, ಮೂವತ್ತು. ಬೋಳನಿಗೆ ತಲೆಯಲ್ಲಿ ಕೂದಲಿಲ್ಲ, ಕನ್ನಡಕನಿಗೆ ಬಾಯಿಗೆ ಬೀಗವಿಲ್ಲ.

"ನನ್ನ ಮೆಷಿನ್ನಲ್ಲಿ ಕೊರೆದಿದ್ದು, ಅತ್ತಿಗೆ," ಎಂದ ಬೋಳ.

"ನನ್ನದ್ರಲ್ಲೂ ಅದೇ ಡ್ರಾಯಿಂಗ್, ಅಕ್ಕಾ. ಮೂಲೆ ನೋಡಿ, ಮೂಲೆ!" ಎಂದ ಕನ್ನಡಕ.

"ಸಾವಿನ ಮನೇಲೂ ನಿಮ್ಮ ಜಗಳ ಬಿಡಲಿಲ್ವಲ್ಲ," ಎಂದು ನಾದಿನಿ ಮೂಗು ಮುರಿದಳು.

ಜಗಳವೇನೂ ಸಣ್ಣದಲ್ಲ. ಕಂಪ್ಯೂಟರ್ ಹೇಳಿದಂತೆ ಲೋಹ ಕೊರೆಯುವ ಎಲ್ಲ ಸಿಎನ್‌ಸಿ ಯಂತ್ರಗಳಿಗೂ ಇನ್ನು ಒಂದೇ ಸಾಫ್ಟ್‌ವೇರ್ ಎಂದು ಕಾರ್ಖಾನೆಯ ಯಜಮಾನ ಹೇಳಿಬಿಟ್ಟಿದ್ದ. ಬೋಳನ ಯಂತ್ರದ ಹಳೆಯದೋ, ಕನ್ನಡಕನ ಯಂತ್ರದ ಹೊಸದೋ, ಒಂದು ತಿಂಗಳು ಹೋಲಿಸಿ ಹೇಳಬೇಕಾದವನು ಇವಳ ಗಂಡ. ಯಾರು ಎಷ್ಟೇ ಆತುರಪಟ್ಟರೂ "ತಡಿ, ಕೈಯಾಡಿಸಿ ಹೇಳ್ತೀನಿ" ಎನ್ನುವ ಆಸಾಮಿ, ಅದಕ್ಕೇ ತಡಿಯಣ್ಣ. ಸೋಮವಾರ ಹೇಳುತ್ತೇನೆ ಎಂದವನು ಭಾನುವಾರ ಹಲ್ಲುಜ್ಜುತ್ತಾ ಕುಸಿದುಬಿಟ್ಟ. ಹೊಸದು ಬಂದರೆ ತನಗೆ ಬಾಗಿಲು ತೋರಿಸುತ್ತಾರೆ ಎಂಬುದು ಬೋಳನ ಭಯ. ಈ ವಯಸ್ಸಿನಲ್ಲಿ ಮತ್ತೆ ಅಆಇಈ ಯಾರು ಕಲಿಸುತ್ತಾರೆ?

ಬಾಗಿಲಲ್ಲಿ ನಿಂತಿದ್ದ ಯಜಮಾನ ಗಂಟಲು ಸರಿಮಾಡಿಕೊಂಡ. "ಅವರು ನಿಮಗೇನಾದ್ರೂ ಹೇಳಿದ್ರಾಮ್ಮಾ?"

* * *

ಹೇಳಿದ್ದ. ಶನಿವಾರ, ಅವಳು ತೋಳಿನ ಬಟ್ಟೆ ಕತ್ತರಿಸುತ್ತಿದ್ದಾಗ.

"ಹಳೇದು ಪ್ರೋಗ್ರಾಮಿನಲ್ಲಿ ಮೂಗಿನ ಮುಂದಿನ ಒಂದು ಸಾಲು ಮಾತ್ರ ಓದುತ್ತೆ ಕಣೇ. ಮೂಲೆ ಬಂದ್ಮೇಲೆ ಗಕ್ಕಂತ ನಿಲ್ಲುತ್ತೆ, ಅಲ್ಲೊಂದು ಕಲೆ ಬೀಳುತ್ತೆ. ಹೊಸದು ನೂರು ಸಾಲು ಮುಂದಿನದ್ದು ನೋಡಿಟ್ಟಿರುತ್ತೆ. ಮೊದಲೇ ವೇಗ ಇಳಿಸ್ಕೊಂಡು ತಿರುಗುತ್ತೆ."

"ಮತ್ತೆ ಅದನ್ನ ಹೇಳೋಕೇನು ಧಾಡಿ?"

"ಬೋಳನ ಮುಖ ನೋಡ್ಕೊಂಡು ಹೇಗೆ ಹೇಳಲಿ? ಅವನಂಥ ಕೈ ನಮ್ಮಲ್ಲಿ ಯಾರಿಗಿದೆ? ಹೊಸದನ್ನ ಮೊದಲು ಅವನಿಗೇ ಕಲಿಸಿ ಅಂತೀನಿ. ಆದ್ರೆ ಆ ಮೊಂಡ ಒಪ್ಪಬೇಕಲ್ಲ."

"ಕೇಳಿದ್ರಾ ಅವರನ್ನ?"

"ತಡಿಯೇ. ಸೋಮವಾರ."

* * *

ಅವಳು ಕಣ್ಣೊರೆಸಿಕೊಂಡು ಕನ್ನಡಕನ ಫಲಕದ ಅಂಚಿಗೆ ಹೆಬ್ಬೆರಳ ಉಗುರು ತಾಗಿಸಿ ಸುತ್ತಲೂ ಎಳೆದಳು. ನಾಲ್ಕು ಮೂಲೆಯೂ ನುಣುಪು. ಬೋಳನದನ್ನು ಎತ್ತಿಕೊಂಡಳು. ಅದು ಇನ್ನೂ ನುಣುಪು! ಕನ್ನಡಕನ ಮುಖ ಇಳಿದುಹೋಯಿತು.

ಅವಳು ಇನ್ನೊಂದು ಸಲ ನಿಧಾನವಾಗಿ ಎಳೆದಳು. ಮೂಲೆಗಳಲ್ಲಿ ಉಗುರಿಗೆ ಕೂದಲೆಳೆಯಂಥ ಅಡ್ಡಗೀರುಗಳು ಸಿಕ್ಕವು. ಇಪ್ಪತ್ತು ವರ್ಷ ಬಟ್ಟೆ ಹೊಲಿದವಳಿಗೆ ಕೈಹೊಲಿಗೆ ಯಾವುದು, ಯಂತ್ರದ ಹೊಲಿಗೆ ಯಾವುದು ಎಂದು ಹೇಳಿಕೊಡಬೇಕೆ?

"ಇದಕ್ಕೆ ಅರ ಹಾಕಿ ಉಜ್ಜಿದ್ದೀರಿ," ಎಂದಳು.

ಬೋಳ ತಲೆ ತಗ್ಗಿಸಿದ. "ಕಲೆ ಬಿದ್ದಿತ್ತು, ಅತ್ತಿಗೆ. ಅವನ ಹೆಸರಿನ ಸುತ್ತ ಕಲೆ ಬಿಡೋಕೆ ಮನಸ್ಸು ಬರಲಿಲ್ಲ." ಆಮೇಲೆ ತಾನೇ ಹೇಳಿದ, "ಗೆಲ್ಲಬೇಕು ಅಂತಲೂ ಇತ್ತು. ಸುಳ್ಯಾಕೆ."

ಅವಳು ಯಜಮಾನನ ಕಡೆ ತಿರುಗಿದಳು. "ಹೊಸದನ್ನೇ ಕೊಳ್ಳಿ. ಮೊದಲು ಇವರಿಗೆ ಕಲಿಸಿ. ಎರಡೂ ಅವರ ಮಾತು. ಗೋರಿಗೆ ಮಾತ್ರ ಈ ಉಜ್ಜಿದ ಫಲಕ. ಅದು ನನ್ನ ಮಾತು."

"ತಡಿಯಣ್ಣನ ಮಾತಿಗೆ ಎದುರಿಲ್ಲಮ್ಮ. ಆದ್ರೆ ಇವರು ಕಲೀತಾರಾ?"

"ಅವರನ್ನೇ ಕೇಳಿ."

ಬೋಳ ತನ್ನ ಫಲಕವನ್ನು ಎತ್ತಿಕೊಂಡು ಹೊರಗೆ ಹೋಗಿ ನಿಂತ.

ಮಣ್ಣಾದ ಮೇಲೆ ಅದನ್ನು ತಾನೇ ಗೋರಿಯ ತಲೆದೆಸೆಯ ಕಲ್ಲಿಗೆ ಬಿಗಿದ. ಜನ ಗೇಟಿನತ್ತ ಹೊರಟರು. ಹಿಂದೆ ಬೋಳನ ಗೊಗ್ಗರು ದನಿ ಕೇಳಿ ಅವಳು ತಿರುಗಿದಳು.

"ಲೋ ಕನ್ನಡಕ, ಮೂಲೆ ಎಷ್ಟು ದೂರ ಇದ್ದಾಗ ವೇಗ ಇಳಿಸುತ್ತೋ ಅದು?"

ಕನ್ನಡಕ ಹಸಿಮಣ್ಣಿನ ಪಕ್ಕ ಕುಕ್ಕರುಗಾಲಲ್ಲಿ ಕೂತು ಸ್ಕ್ರೂಡ್ರೈವರಿನಿಂದ ಒಂದು ಮೂಲೆ ಗೀಚಿ ತೋರಿಸಿದ. ಬೋಳ ಮಂಡಿ ಹಿಡಿದುಕೊಂಡು ಅವನ ಎದುರು ಕೂತ. ಸ್ಕ್ರೂಡ್ರೈವರನ್ನು ಕಿತ್ತುಕೊಂಡು ಪಕ್ಕದಲ್ಲೇ ತಾನೊಂದು ಗೀಚಿದ, ಅಂಗೈಯಿಂದ ಅಳಿಸಿದ, ಮತ್ತೆ ಗೀಚಿದ.