ಕದಲದ ತೆಪ್ಪ

ತೆಪ್ಪ ಕದಲಲಿಲ್ಲ.

ಕೆರೆಕಟ್ಟೆಯ ಮೇಲೆ ಸಾಲಾಗಿ ನಿಂತಿದ್ದ ಹೆಂಗಸರು ಮೊದಲು ಅದನ್ನು ಗಮನಿಸಲಿಲ್ಲ. ಕರ್ಪೂರ ಉರಿದು ಮುಗಿದಿತ್ತು, ಕಾಯಿ ಒಡೆದಾಗಿತ್ತು. ಕೆರೆಯ ತೂಬು ಕಾಯುವ ನೀರುಗಂಟಿ ಕೋನಪ್ಪ ಈಜಿಕೊಂಡು ಹೋಗಿ ತೆಪ್ಪದ ಕಂಬದ ಮೇಲಿನ ಗಾಳಿರೆಕ್ಕೆಗಳಿಗೆ ಬಿಗಿದಿದ್ದ ದಾರ ಬಿಚ್ಚಿ ಬಂದು ತಲೆ ಒರೆಸಿಕೊಳ್ಳುತ್ತಿದ್ದ. ರೆಕ್ಕೆ ತಿರುಗಿತು. ಕಂಬದ ನೆತ್ತಿಯಲ್ಲಿದ್ದ ಪುಟ್ಟ ಬಲ್ಬು ಹಗಲು ಬೆಳಕಿನಲ್ಲೇ ಮಿಣುಕಿತು. "ಗಂಗಮ್ಮ ತಾಯೀ" ಎಂದು ಎಲ್ಲರೂ ಕಣ್ಣು ಮುಚ್ಚಿ ಕೈಮುಗಿದರು. ಕಣ್ಣು ಬಿಟ್ಟಾಗ ತೆಪ್ಪ ಎಲ್ಲಿತ್ತೋ ಅಲ್ಲೇ ಇತ್ತು. ಸ್ವಲ್ಪ ಹೊತ್ತು ಕಾದರು. ಆಮೇಲೂ ಅಲ್ಲೇ ಇತ್ತು.

"ಯಾಕಮ್ಮಾ ಹೋಗ್ತಾ ಇಲ್ಲ?" ಎಂದಳು ಕೊಂಡಮ್ಮ. ಎಲ್ಲರ ಮನಸ್ಸಿನಲ್ಲಿರುವುದನ್ನು ಎಲ್ಲರಿಗಿಂತ ಮೊದಲು ಬಾಯಿಬಿಟ್ಟು ಕೇಳುವ ಹೊಣೆಯನ್ನು ಆ ಊರಿನಲ್ಲಿ ಕೊಂಡಮ್ಮ ತಾನಾಗಿಯೇ ವಹಿಸಿಕೊಂಡಿದ್ದಳು.

ಯಾಕೆ ಹೋಗುತ್ತಿಲ್ಲ ಎನ್ನುವುದು ಹರಿತಾಗೆ ಗೊತ್ತಿತ್ತು. ನೀರಿನ ಕೆಳಗೆ ಮೂರು ನೈಲಾನ್ ಹಗ್ಗ, ಹಗ್ಗದ ತುದಿಗೆ ಒಡೆದ ಬೀಸುಕಲ್ಲುಗಳು. ಮಧ್ಯಾಹ್ನ ಅವಳೇ ಮುಂದೆ ನಿಂತು ಕೋನಪ್ಪನ ಕೈಲಿ ಕೆರೆಯ ತಳಕ್ಕೆ ಇಳಿಬಿಡಿಸಿದ್ದಳು.

ಮಂಡಿಕಲ್ ಕಡೆಯ ಆ ಕೆರೆ ತುಂಬಿದ್ದು ಎರಡು ಸಾವಿರದ ಐದನೇ ಇಸವಿಯ ಮಳೆಯಲ್ಲಿ. ಅದಕ್ಕೆ ಮುಂಚೆ ತುಂಬಿದ್ದಾಗ ಹರಿತಾ ಅಂಗನವಾಡಿಗೆ ಹೋಗುತ್ತಿದ್ದಳು. ನಡುವೆ ಅದೊಂದು ಕೆರೆ ಎನ್ನುವುದನ್ನೇ ಊರು ಮರೆತುಬಿಟ್ಟಿತ್ತು. ಹುಡುಗರು ಕ್ರಿಕೆಟ್ ಆಡಿದರು, ಜಾಲಿ ಬೆಳೆಯಿತು, ಇಟ್ಟಿಗೆ ಸುಡುವವರು ಮಣ್ಣು ಹೊತ್ತರು. ಈಗ ಒಂದು ಬೆಳಿಗ್ಗೆ ಎದ್ದು ನೋಡಿದರೆ ಜಾಲಿಮರಗಳ ತುದಿ ಮಾತ್ರ ನೀರಿನ ಮೇಲೆ. ಜನ ಹಲ್ಲುಜ್ಜುವುದಕ್ಕೂ ಕಟ್ಟೆಗೆ ಬರತೊಡಗಿದರು. ಸುಮ್ಮನೆ ಕೂತು ನೀರು ನೋಡುವುದೇ ಊರಿಗೊಂದು ಕೆಲಸವಾಯಿತು.

ಚಿಕ್ಕಬಳ್ಳಾಪುರದ ಹತ್ತಿರದ ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ಪಾಠ ಹೇಳುತ್ತಿದ್ದ ಹರಿತಾ ಸಮುದ್ರವನ್ನು ಒಮ್ಮೆಯೂ ಕಂಡವಳಲ್ಲ. ಆದರೂ ಕೆಲವು ವರ್ಷಗಳಿಂದ ಅವಳ ತಲೆಯ ತುಂಬ ಇದ್ದದ್ದು ಸಮುದ್ರವೇ. ದಡದ ಹತ್ತಿರ, ಆಳ ಕಡಿಮೆ ಇರುವಲ್ಲಿ, ತಳಕ್ಕೆ ಕಂಬ ನೆಟ್ಟು ಗಾಳಿಯಂತ್ರ ನಿಲ್ಲಿಸುವುದು ಹೊರದೇಶಗಳಲ್ಲಿ ಆಗಲೇ ನಡೆದಿತ್ತು. ಆದರೆ ಒಳ್ಳೆಯ ಗಾಳಿ ಇರುವುದು ಇನ್ನೂ ದೂರ, ಆಳದ ನೀರಿನ ಮೇಲೆ. ಅಲ್ಲಿ ಕಂಬ ನೆಡಲು ಹೋದರೆ ಹುಟ್ಟುವ ಕರೆಂಟಿಗಿಂತ ಕಂಬವೇ ದುಬಾರಿ. ಹಾಗಾದರೆ ನೆಡುವುದೇ ಬೇಡ, ತೇಲಲಿ. ಬುಡದಲ್ಲಿ ಭಾರ ತುಂಬಿದ ಉದ್ದನೆಯ ಕೊಳವೆ, ಮೇಲೆ ರೆಕ್ಕೆ, ಓಡಿಹೋಗದಂತೆ ಹಗ್ಗ. ಉಕ್ಕಿನ ಬದಲು ಸಿಮೆಂಟಿನಲ್ಲಿ ಎರಕ ಹೊಯ್ದರೆ ದಡದಲ್ಲೇ ಮಾಡಿ, ಮೀನುಗಾರರ ದೋಣಿಗಳಿಗೆ ಕಟ್ಟಿ ಎಳೆದುಕೊಂಡು ಹೋಗಬಹುದು ಎನ್ನುವುದು ಅವಳ ಲೆಕ್ಕ. ಕಾಗದದ ಮೇಲೆ ಎಲ್ಲವೂ ತೇಲುತ್ತದೆ ಎಂದು ಚೆನ್ನೈನ ಪ್ರೊಫೆಸರು ಫೋನಿನಲ್ಲಿ ನಕ್ಕರು. ಮಾದರಿಯೊಂದನ್ನು ಮಾಡಿ, ಜೋರು ಗಾಳಿಯಲ್ಲಿ ಅದು ಮಗುಚದೆ ನಿಂತದ್ದನ್ನು ಒಂದು ಟೇಪು ತುಂಬ ವಿಡಿಯೋ ತೆಗೆದು, ಟೇಪನ್ನೂ ಮಾದರಿಯನ್ನೂ ತೆಗೆದುಕೊಂಡು ಬಂದರೆ ತಮ್ಮ ಲ್ಯಾಬಿನಲ್ಲಿ ಜಾಗ ಕೊಡುವುದಾಗಿ ಹೇಳಿದರು. ಆ ಲ್ಯಾಬಿನ ಕಿಟಕಿಯಿಂದ ಸಮುದ್ರ ಕಾಣುತ್ತದಂತೆ.

ಅಪ್ಪ ರಾಮಾಂಜಿನಪ್ಪನ ತೋಟದಲ್ಲಿ ನೀರು ಬೀಳದ ಬೋರ್‌ವೆಲ್ಲಿನಿಂದ ಮೇಲೆತ್ತಿದ ಕೇಸಿಂಗ್ ಪೈಪು ಬಿದ್ದಿತ್ತು. ನೀರು ಕಾಣದ ಪೈಪಿಗೆ ನೀರು ತೋರಿಸುತ್ತೇನೆ ಎಂದು ಹರಿತಾ ಅದರ ಬುಡಕ್ಕೆ ಜಲ್ಲಿ, ಸಿಮೆಂಟು ತುಂಬಿದಳು. ಅದೇ ಪೈಪಿನ ತುಂಡನ್ನು ಸೀಳಿ ರೆಕ್ಕೆ ಮಾಡಿದಳು. ಸೈಕಲ್ಲಿನ ಡೈನಮೋ, ಟಾರ್ಚಿನ ಬಲ್ಬು. ಮನೆಯ ಬಾವಿಗೆ ಇಳಿಸಿದಾಗ ಕಂಬ ನೆಟ್ಟಗೆ ನಿಂತಿತು. ಆದರೆ ಬಾವಿಯೊಳಗೆ ಗಾಳಿ ಎಲ್ಲಿಂದ ಬರಬೇಕು?

ಅಷ್ಟರಲ್ಲಿ ಕೆರೆ ತುಂಬಿತು. ಕಟ್ಟೆಯ ಪಕ್ಕದಲ್ಲಿ ಒಳ್ಳೆಯ ಆಳ. ಆಚೆ ದಡದ ಕಡೆ ಮೊಣಕಾಲು, ಸೊಂಟದ ಮಟ್ಟದ ನೀರು, ಅಲ್ಲಿ ಕಂಬದ ಬುಡ ನೆಲಕ್ಕೆ ತಗುಲಿಬಿಡುತ್ತದೆ. ಅದಕ್ಕೇ ಹರಿತಾ ಕಟ್ಟೆಯ ಪಕ್ಕವನ್ನೇ ಆರಿಸಿಕೊಂಡಳು. ಆದರೆ ಹೊಸ ನೀರಿನ ಮೇಲೆ ಮೊದಲು ತೇಲಬೇಕಾದದ್ದು ಗಂಗಮ್ಮನ ದೀಪ ಹೊತ್ತ ತೆಪ್ಪ. ಅದಕ್ಕೆ ಮುಂಚೆ ಒಂದು ಬುಟ್ಟಿಯನ್ನೂ ಇಳಿಸುವಂತಿಲ್ಲ. ಊರಿನವರು ಕೂತು, ಎದ್ದು, ಮತ್ತೆ ಕೂತು ದಿನ ಗೊತ್ತುಮಾಡುವುದರೊಳಗೆ ಈ ವರ್ಷದ ಗಾಳಿಯೇ ಮುಗಿದುಹೋದೀತು ಎಂದು ಅವಳು ಕೈಕೈ ಹಿಸುಕಿಕೊಂಡಳು. ದಾರಿ ತೋರಿಸಿದ್ದು ಅಜ್ಜಿ ಅಕ್ಕಯ್ಯಮ್ಮ. ರಾಮಾಂಜಿನಪ್ಪನ ತಾಯಿ, ಊರಿಗೆಲ್ಲ ಹಿರಿಯ ಹೆಂಗಸು.

"ಬಾಳೆದಿಂಡಿನ ಮೇಲೆ ಎಣ್ಣೆದೀಪ ಇಟ್ರೆ ನಾಲ್ಕು ಮಾರು ಹೋಗೋದ್ರೊಳಗೆ ಗಾಳಿಗೆ ಆರ್‌ಹೋಗ್ತದೆ. ನಮ್ಮ ಹುಡುಗೀದು ಗಾಳಿ ಬಂದಷ್ಟೂ ಉರೀತದಂತೆ. ಈ ಸಲ ಅದೇ ತಾಯಿ ತೆಪ್ಪ ಆಗ್ಲಿ ಬಿಡ್ರಪ್ಪಾ."

ಊರು ಒಪ್ಪಿತು. ತೆಪ್ಪ ಎಂದರೆ ಹೋಗಬೇಕು ಎಂದು ಯಾರೂ ಹರಿತಾಗೆ ಬಿಡಿಸಿ ಹೇಳಲಿಲ್ಲ. ಗಂಗಮ್ಮನ ತೆಪ್ಪವನ್ನು ಕಟ್ಟಿಹಾಕುವವರೂ ಇರುತ್ತಾರೆಂದು ಯಾರಿಗೆ ತಾನೆ ಹೊಳೆಯಬೇಕು? ತೇಲುವ ಗಾಳಿಯಂತ್ರ ಎಂದರೆ ಹಗ್ಗ ಇದ್ದೇ ಇರುತ್ತದೆ ಎಂದು ಹರಿತಾಳೂ ಹೇಳಲಿಲ್ಲ. ಕೋನಪ್ಪನೊಬ್ಬನಿಗೆ ಎರಡೂ ಗೊತ್ತಿತ್ತು. ಪೂಜೆ ಹೊತ್ತಿಗೆ ಬಿಚ್ಚುತ್ತಾರೆ ಬಿಡು ಎಂದುಕೊಂಡು ಅವನು ಬೀಡಿ ಹಚ್ಚಿದ್ದ.

ಈಗ ಅವನು ನೆಲ ನೋಡುತ್ತಾ ನಿಂತಿದ್ದ.

"ಕಟ್ಟಿದ್ದೀನಿ," ಎಂದಳು ಹರಿತಾ.

"ಏನಂದೆ?" ಎಂದ ರಾಮಾಂಜಿನಪ್ಪ.

"ಹಗ್ಗ ಕಟ್ಟಿದ್ದೀನಪ್ಪ. ನೀರೊಳಗೆ."

"ಗಂಗಮ್ಮನ್ ತೆಪ್ಪಕ್ಕೆ ಹಗ್ಗಾನಾ!" ಎಂದು ಕೊಂಡಮ್ಮ ಕೆನ್ನೆ ಕೆನ್ನೆ ಬಡಿದುಕೊಂಡಳು. ತೆಪ್ಪ ಆಚೆ ದಡ ಸೇರುವವರೆಗೆ ಯಾರೂ ಕಟ್ಟೆ ಇಳಿದು ಮನೆಗೆ ಹೋಗುವಂತಿಲ್ಲ, ಹೆಂಗಸರು ಬಾಯಿಗೆ ಏನೂ ಹಾಕಿಕೊಳ್ಳುವಂತಿಲ್ಲ. ಊರಿನ ಕಡೆಯಿಂದ ಆಗಲೇ ಹಸುಗಳ ಕೂಗು ಕೇಳುತ್ತಿತ್ತು. ಹಾಲು ಕರೆದು ಡೈರಿಗೆ ಹಾಕುವ ಹೊತ್ತು ಹತ್ತಿರವಾಗಿತ್ತು.

ಮಗಳ ಪರವಾಗಿ ಊರಿನ ಮುಂದೆ ಮಾತಾಡಿದ್ದ ರಾಮಾಂಜಿನಪ್ಪನಿಗೆ ಮುಖ ಎಲ್ಲಿ ಇಟ್ಟುಕೊಳ್ಳುವುದೆಂದು ತಿಳಿಯಲಿಲ್ಲ. "ಕೋನಪ್ಪಾ, ಕುಡುಗೋಲು ತಗೊಂಡ್ ಹೋಗು. ಕುಯ್ದಾಕು," ಎಂದ.

ಹರಿತಾ ಓಡಿಹೋಗಿ ಅಜ್ಜಿಯ ಕೈ ಹಿಡಿದಳು. "ಕುಯ್ದ್ರೆ ದೀಪ ಆರ್‌ಹೋಗ್ತದೆ ಅಜ್ಜಿ."

"ಅದ್ಯಾಕಮ್ಮಾ?"

"ಹಗ್ಗ ಇಲ್ದಿದ್ರೆ ಗಾಳಿ ಜೊತೆಗೇ ಅದೂ ಹೊರಟ್‌ಹೋಗ್ತದೆ. ಗಾಳಿಗೆ ಎದುರು ನಿಂತ್ರೇನೇ ರೆಕ್ಕೆ ತಿರುಗೋದು. ರೆಕ್ಕೆ ತಿರುಗಿದ್ರೇನೇ ದೀಪ." ಅವಳು ಹಿಂದಕ್ಕೆ, ಮೂಡಲ ಕಡೆಗೆ ಕೈ ತೋರಿಸಿದಳು. "ಹೊತ್ತು ಮುಳುಗೋವಾಗ ಮೂಡ್ಲು ಗಾಳಿ ಏಳ್ತದಲ್ಲ, ಅಲ್ಲೀಗಂಟ ಬಿಡು ಅಜ್ಜಿ. ಅದೊಂದು ಗಾಳಿಗೆ ನಿಂತ್ರೆ ಸಾಕು ನಂಗೆ."

ಅಕ್ಕಯ್ಯಮ್ಮ ಕೆರೆಯನ್ನು ನೋಡಿದಳು. ಮಗನನ್ನು ನೋಡಿದಳು. ಬೆಳಗಿನಿಂದ ಹನಿ ನೀರೂ ಕುಡಿದಿರಲಿಲ್ಲ, ತುಟಿ ಒಣಗಿತ್ತು. ಮೊಣಕಾಲ ಮೇಲೆ ಕೈಯೂರಿ ನಿಧಾನವಾಗಿ ಕಟ್ಟೆಯ ಕಲ್ಲಿನ ಮೇಲೆ ಕೂತಳು.

"ದೀಪ ಆರ್ಸಿ ತೆಪ್ಪ ಕಳ್ಸಕ್ಕಾಗ್ತದೇನೋ ರಾಮಾಂಜೀ? ಎಲ್ರೂ ಕೂತ್ಕೊಳ್ರಮ್ಮಾ."

"ನಮ್ ಸೀಮೆಹಸು ಕೆಚ್ಚಲು ಬಿಗ್ದ್ಕೊಂಡು ಅರಚ್ತಾ ಐತೆ, ಅಕ್ಕಯ್ಯಮ್ಮಾ!"

"ಪೋನೀ, ಹೋಗ್ಲಿ ಬಿಡು ಕೊಂಡಮ್ಮಾ. ಒಂದಿನ ಕರುನೇ ಕುಡ್ಕೊಳ್ಳಿ."

ಹೀಗೆ ಊರಿನ ಹೆಂಗಸರೆಲ್ಲ ರೇಷ್ಮೆ ಸೀರೆ ಉಟ್ಟುಕೊಂಡು ಕೆಲಸವಿಲ್ಲದೆ ಕೆರೆಕಟ್ಟೆಯ ಮೇಲೆ ಕೂತರು. ಹೀಗೆ ಕೂತದ್ದು ಅವರಲ್ಲಿ ಯಾರಿಗೂ ನೆನಪಿರಲಿಲ್ಲ. ಮೊದಲು ಗೊಣಗಿದರು, ಆಮೇಲೆ ಗೊಣಗುವುದೂ ಸಾಕಾಯಿತು. ಮಕ್ಕಳಿಗೆ ತಂಬಿಟ್ಟು ಮುರಿದು ಕೊಟ್ಟರು. ನೀರಿನ ಬಣ್ಣ ಬದಲಾಗುತ್ತಾ ಹೋಯಿತು. ನೀರುಕಾಗೆಗಳು ಜಾಲಿಯ ತುದಿಗಳಲ್ಲಿ ರೆಕ್ಕೆ ಹರಡಿ ಒಣಗಿಸಿಕೊಂಡವು. ಬೆಟ್ಟಗಳು ತಲೆಕೆಳಗಾಗಿ ಕೆರೆಯೊಳಗೆ ಇಳಿದವು, ಅವುಗಳ ನೆತ್ತಿಯ ಮೇಲೆ ಚೆಂಡುಹೂವಿನ ಹಾರ ಹಾಕಿಕೊಂಡ ಬಿಳಿ ಕಂಬವೊಂದು ತೂಗುತ್ತಾ ನಿಂತಿತ್ತು. ನೋಡುತ್ತಾ ನೋಡುತ್ತಾ ಕಟ್ಟೆಯೇ ಮೆಲ್ಲಗೆ ಎಲ್ಲಿಗೋ ತೇಲಿಹೋಗುತ್ತಿದೆ, ಕಂಬವೊಂದೇ ನಿಂತಿದೆ ಎನ್ನಿಸುತ್ತಿತ್ತು.

"ಸಮುದ್ರ ಎಷ್ಟು ದೊಡ್ದಿರ್ತದಮ್ಮಾ? ನಮ್ ಕೆರೆಯಷ್ಟು ಇರ್ತದಾ?" ಎಂದಳು ಅಕ್ಕಯ್ಯಮ್ಮ.

"ಜಾಸ್ತಿನೇ ಇರ್ಬೇಕು ಅಜ್ಜಿ. ನಾನೂ ನೋಡಿಲ್ಲ."

"ಅಲ್ಲಿ ಇಂಥಾವು ಸಾಲಾಗಿ ನಿಲ್ಸಿದ್ರೆ ನಮ್ಮೂರಿಗೆ ಹಗಲೊತ್ತು ತ್ರೀ ಫೇಸ್ ಬರ್ತದಾ?" ಎಂದು ಕೇಳಿದಳು ಕೊಂಡಮ್ಮ. ಅವಳಿಗೆ ಆಗಲೇ ಸಿಟ್ಟು ಇಳಿದಿತ್ತು. ಹರಿತಾ ನಕ್ಕಳು. ಸಮುದ್ರದಿಂದ ತಂತಿ ಹತ್ತಿಕೊಂಡು ಮಂಡಿಕಲ್‌ಗೆ ನಡೆದುಬರುವ ಕರೆಂಟನ್ನು ಎಲ್ಲರೂ ಸ್ವಲ್ಪ ಹೊತ್ತು ತಮ್ಮ ತಮ್ಮ ಮನಸ್ಸಿನಲ್ಲಿ ನೋಡಿದರು.

ಬಿಸಿಲು ಕೆಂಪಾಗುವ ಹೊತ್ತಿಗೆ ಹರಿತಾ ಮದುವೆ ವಿಡಿಯೋದವನಿಂದ ಎರವಲು ತಂದ ಕ್ಯಾಮೆರಾದ ಗುಂಡಿ ಒತ್ತಿದಳು. ಹಿಂದಿನಿಂದ, ಮೂಡಲ ಕಡೆಯಿಂದ, ಗಾಳಿ ಎದ್ದಿತು. ಮೊದಲು ಹೊಂಗೆಯ ಎಲೆ ಅಲ್ಲಾಡಿತು, ಸೆರಗುಗಳು ಹಾರಿದವು. ಆಮೇಲೆ ನೀರಿನ ಮೈಮೇಲೆ ಕಪ್ಪು ಗೆರೆಯೊಂದು ಓಡಿಬಂದು ಕಂಬಕ್ಕೆ ಬಡಿಯಿತು. ಕಂಬ ವಾಲಿತು. ಇನ್ನೂ ವಾಲಿತು. "ಅಯ್ಯೋ, ಬಿತ್ತು!" ಎಂದು ಯಾರೋ ಕೂಗಿದರು. ಹರಿತಾ ಕಣ್ಣು ಮುಚ್ಚಿಕೊಂಡಳು.

ತುಂಬಿದ ಕೊಡ ಹೊತ್ತವಳು ಎಡವಿ ಸಾವರಿಸಿಕೊಂಡಂತೆ ಕಂಬ ಮೆಲ್ಲಗೆ ಎದ್ದು ನಿಂತಿತು. ಹಗ್ಗ ಬಿಗಿಯಿತು. ರೆಕ್ಕೆಗಳು ಕಣ್ಣಿಗೆ ಕಾಣದಷ್ಟು ಜೋರಾಗಿ ತಿರುಗಿದವು, ಬಲ್ಬು ಜಗ್ಗನೆ ಉರಿಯಿತು. ಗಾಳಿ ಮತ್ತೆ ಮತ್ತೆ ಬಂತು, ಕಂಬ ಮತ್ತೆ ಮತ್ತೆ ಬಾಗಿ ಎದ್ದಿತು. ಪ್ರತಿಸಲ ಬಾಗಿದಾಗಲೂ ಕಟ್ಟೆಯ ಮೇಲಿದ್ದ ಹೆಂಗಸರೆಲ್ಲ ಆ ಕಡೆಗೇ ವಾಲಿ, ಅದರ ಜೊತೆಗೇ ನೆಟ್ಟಗಾದರು. ಟೇಪು ಮುಗಿದು ಕ್ಯಾಮೆರಾ ಟಕ್ಕೆಂದಾಗ ಹರಿತಾಗೆ ಕುಣಿದಾಡುವಷ್ಟು ಸಂತೋಷವಾಯಿತು. ತಿರುಗಿ ಅಜ್ಜಿಯನ್ನು ನೋಡಿದಳು.

ಅಕ್ಕಯ್ಯಮ್ಮ ಎರಡು ಕೈಗಳನ್ನೂ ಕಂಕುಳಲ್ಲಿ ಸೇರಿಸಿಕೊಂಡು ಚಳಿಗೆ ಮುದುಡಿ ಕೂತಿದ್ದಳು. ಇನ್ನು ಬಿಚ್ಚು ಎಂದು ಅವಳು ಕೇಳಿದ್ದರೆ ಹರಿತಾ ಏನಾದರೂ ವಾದ ಮಾಡಬಹುದಿತ್ತು. ಇರುವುದು ಇದೊಂದೇ ಮಾದರಿ, ಹಗ್ಗವಿಲ್ಲದೆ ಹೋಗಿ ಎಲ್ಲಿ ಮಗುಚಿಕೊಳ್ಳುತ್ತದೋ, ಚೆನ್ನೈಗೆ ಏನು ಒಯ್ಯಲಿ ಎನ್ನಬಹುದಿತ್ತು. ಅಜ್ಜಿ ಕೇಳಲಿಲ್ಲ. ಗಂಗಮ್ಮ ಯಾವಾಗ ಹೊರಡುತ್ತಾಳೋ ಆವಾಗ ಹೊರಡಲಿ ಎಂಬಂತೆ ದೀಪ ನೋಡುತ್ತಿದ್ದಳು.

"ಕೋನಪ್ಪಣ್ಣ, ನೀನ್ ಬೇಡ. ನಾನೇ ಬಿಚ್ತೀನಿ," ಎಂದು ಹರಿತಾ ದುಪಟ್ಟಾ ಸೊಂಟಕ್ಕೆ ಬಿಗಿದಳು. ಚಿಕ್ಕವಳಿದ್ದಾಗ ಒಣಗಿದ ಸೋರೆಬುರುಡೆಯನ್ನು ಬೆನ್ನಿಗೆ ಕಟ್ಟಿ ಅಪ್ಪ ಬಾವಿಯಲ್ಲಿ ಕಲಿಸಿದ ಈಜು ಅದು.

"ಆರ್‌ಹೋಗ್ತದೆ ಅಂದ್ಯಲ್ಲಮ್ಮಾ?" ಎಂದಳು ಅಜ್ಜಿ.

"ಹೂಂ ಅಜ್ಜಿ. ಆರ್‌ಹೋಗ್ತದೆ."

ಅವಳು ಈಜಿಹೋಗಿ ಹಗ್ಗಗಳನ್ನು ಒಂದೊಂದಾಗಿ ಬಿಚ್ಚಿದಳು. ಕೊನೆಯದು ಬಿಚ್ಚಿದಾಗ ಕಂಬ ಅವಳ ಅಂಗೈಯಿಂದ ತಾನಾಗಿಯೇ ಜಾರಿಕೊಂಡು ಹೊರಟಿತು. ನೆಟ್ಟಗೆ ನಿಂತೇ ಹೊರಟಿತು. ಅವಳು ಹೇಳಿದಂತೆಯೇ ರೆಕ್ಕೆ ನಿಧಾನವಾಯಿತು. ಬಿಳಿಯ ಬೆಳಕು ಹಳದಿಯಾಯಿತು, ಕೆಂಡದಂತೆ ಕೆಂಪಾಯಿತು, ಇಲ್ಲವಾಯಿತು. ಕತ್ತಲಾಗುತ್ತಿದ್ದ ನೀರಿನ ಮೇಲೆ ಕಪ್ಪಗೆ ಒಂದು ಗೀಟು ದೂರ ಸರಿದು ಜಾಲಿಮರಗಳ ನಡುವೆ ಕರಗಿಹೋಯಿತು.

ಹರಿತಾ ದಡ ಹತ್ತಿ ನಿಂತಾಗ ಎಲ್ಲರ ಕಣ್ಣೂ ಆಚೆ ದಡದ ಕತ್ತಲಿನ ಮೇಲಿತ್ತು. "ಆ ದಡ ಸೇರ್ತೋ ಇಲ್ವೋ ಈಗ ಹೆಂಗ್ ಹೇಳೋದು?" ಎಂದು ಕೊಂಡಮ್ಮ ಕೂಡ ಪಿಸುದನಿಯಲ್ಲೇ ಕೇಳಿದಳು. ಅಜ್ಜಿಯ ಮುಖ ಸಪ್ಪಗಾಗಿತ್ತು. ಹರಿತಾಗೆ ಅಳು ಬಂತು. ತನ್ನದನ್ನೂ ಕಳೆದುಕೊಂಡೆ, ಅಜ್ಜಿಯದನ್ನೂ ಕೆಡಿಸಿದೆ ಎನ್ನಿಸಿತು. ಒದ್ದೆ ಬಟ್ಟೆಯಲ್ಲಿ ನಡುಗುತ್ತಾ ನಿಂತೇ ಇದ್ದಳು.

ಆಚೆ ದಡದ ಕಡೆ, ಕತ್ತಲಲ್ಲಿ, ಕೆಂಪಗೆ ಒಂದು ಚುಕ್ಕೆ ಕಂಡಿತು. ಅದು ಹಳದಿಯಾಯಿತು. ಆಮೇಲೆ ಬೆಳ್ಳಗೆ, ನಿಚ್ಚಳವಾಗಿ, ಒಂದೇ ಕಡೆ ನಿಂತು ಉರಿಯತೊಡಗಿತು.

"ತಾಯೀ!" ಎಂದು ಹೆಂಗಸರೆಲ್ಲ ಒಟ್ಟಿಗೆ ಎದ್ದರು. ಕೊಂಡಮ್ಮ ಒಂದು ಕೈಯಲ್ಲಿ ನಮಸ್ಕಾರ ಮಾಡುತ್ತಲೇ ಇನ್ನೊಂದು ಕೈಯಲ್ಲಿ ಸೀರೆ ಎತ್ತಿ ಹಿಡಿದು ಹಸುವಿನ ಕಡೆ ಓಡಿದಳು.

"ಅಲ್ಲಿ ಆಳ ಇಲ್ಲ ಅಜ್ಜಿ, ಅದ್ರ ಬುಡ ನೆಲಕ್ಕೆ..." ಎಂದು ಹರಿತಾ ಶುರುಮಾಡಿದಳು.

ಅಕ್ಕಯ್ಯಮ್ಮ ಅವಳ ತಲೆಯನ್ನು ಬಗ್ಗಿಸಿ ತನ್ನ ರೇಷ್ಮೆ ಸೆರಗಿನಿಂದಲೇ ಒರೆಸುತ್ತಿದ್ದಳು. "ಏನಂದ್ಯಮ್ಮಾ?"

"ಏನಿಲ್ಲ," ಎಂದಳು ಹರಿತಾ.

ಅಜ್ಜಿ ತಂಬಿಟ್ಟಿನ ಉಂಡೆಯೊಂದನ್ನು ಮುರಿದು ಅರ್ಧ ಮೊಮ್ಮಗಳ ಬಾಯಿಗಿಟ್ಟು, ಉಳಿದದ್ದನ್ನು ತಾನು ಬಾಯಿಗೆ ಹಾಕಿಕೊಂಡಳು. ಇಬ್ಬರೂ ಅಗಿಯುತ್ತಾ ಕಟ್ಟೆಯ ಮೇಲೆ ನಿಂತರು. ಆಚೆ ದಡದಲ್ಲಿ ದೀಪ, ಗಾಳಿ ಬೀಸಿದಾಗ ದೊಡ್ಡದಾಗಿ, ಬೀಸದಿದ್ದಾಗ ಸಣ್ಣದಾಗಿ, ಉರಿಯುತ್ತಿತ್ತು.