ಬುಟ್ಟಿಯ ಮೇಲೆ ಕರಿಯಣ್ಣ

ಬುಟ್ಟಿಯೊಳಗೆ ಕೊರವ ಮೀನಿತ್ತು, ಬುಟ್ಟಿಯ ಮೇಲೆ ಕರಿಯಣ್ಣನಿದ್ದ. ಇಬ್ಬರಲ್ಲಿ ಸಿಕ್ಕಿಬಿದ್ದವರು ಯಾರೆಂದು ಕೇಳಿದ್ದರೆ ಮೀನು ಕೂಡ ಕೊಂಚ ಯೋಚಿಸುತ್ತಿತ್ತು. ನಡೆದದ್ದು ಎಪ್ಪತ್ತೆಂಟರ ಬೇಸಿಗೆಯಲ್ಲಿ, ಬುಕ್ಕಾಂಬುಧಿ ಕೆರೆಯ ನೀರು ಹಿಂದೆ ಸರಿದು ಜೊಂಡಿನ ಅಂಚಿನಲ್ಲಿ ತೊಡೆಮಟ್ಟಕ್ಕೆ ಇಳಿದಿದ್ದಾಗ. ಇಲ್ಲಿ ಕಟ್ಟಿದ್ದು ಕೆರೆಯನ್ನು ಮಾತ್ರ, ಕಥೆಯನ್ನಲ್ಲ.

ಅದು ತಳವಿಲ್ಲದ ಬಿದಿರಿನ ಬುಟ್ಟಿ; ಅಗಲದ ಬಾಯಿ ಕೆಳಗೆ, ಕಿರಿದಾದದ್ದು ಮೇಲೆ. ಹುಲ್ಲು ಅಲುಗಿದ ಕಡೆ ಕುಕ್ಕಿ, ಕೆಸರಿಗೆ ಒತ್ತಿ ಹಿಡಿದು, ಮೇಲಿನಿಂದ ಕೈ ಇಳಿಸಿ ಮೀನು ತೆಗೆಯುವುದು ಕ್ರಮ. ಆದರೆ ಚೌಡಪ್ಪನ ಮನೆಯವರಲ್ಲಿ ದೊಡ್ಡ ಮೀನು ಬಿದ್ದರೆ ಹಿರಿಯನ ಕೈಯೇ ಮೊದಲು ಒಳಗಿಳಿಯಬೇಕು. ಕವುಚಿದವನು ಕಾಯಬೇಕು. ಕವುಚಿದವನು ಮನೆಯಳಿಯನಾಗಿದ್ದರಂತೂ ಕೇಳುವುದೇ ಬೇಡ. "ಅಲ್ಲಾಡಬ್ಯಾಡ, ಎಲೆಅಡಿಕೆ ಹಾಕ್ಕಂಡು ಬತ್ತೀನಿ" ಎಂದು ಮಾವ ಚೌಡಪ್ಪ ದಡಕ್ಕೆ ಹೋಗಿದ್ದ. ಅವನು ಎಲೆಗೆ ಸುಣ್ಣ ಹಚ್ಚುವುದೆಂದರೆ ಗೋಡೆಗೆ ಹಚ್ಚಿದಷ್ಟೇ ಹೊತ್ತು.

ಕರಿಯಣ್ಣನ ಪಾದಗಳು ಹೂತುಹೋಗಿದ್ದವು. ಅವನು ಮೀನು ಹಿಡಿದಿದ್ದ, ಜಿಗಣೆಯೊಂದು ಅವನ ಮೀನಖಂಡ ಹಿಡಿದಿತ್ತು. ಕೆರೆದುಕೊಳ್ಳಲು ಕೈ ಬಿಡುವಂತಿರಲಿಲ್ಲ. ತಲೆಯೊಳಗೆ ಸೋಮವಾರ ಕೊರೆಯುತ್ತಿತ್ತು. ಶಿವನಿ ಸ್ಟೇಷನ್ನಿನಲ್ಲಿ ಗೂಡ್ಸ್ ಇಳಿಸುವ ಮೇಸ್ತ್ರಿ ಅವನಿಗೊಂದು ಕೆಲಸವನ್ನೂ, ಹೆಂಡತಿ ಮಗುವಿನೊಡನೆ ಇರಲು ಒಂದು ಕೋಣೆಯನ್ನೂ ಕೊಡುತ್ತೇನೆಂದಿದ್ದ. ಸೋಮವಾರ ಬರದಿದ್ದರೆ ಬೇರೆಯವರಿಗೆ. ಹೆಂಡತಿ ಹುಲಿಯಮ್ಮ ಯಾರಿಗೂ ಕಾಣದಂತೆ ಪಾತ್ರೆ ಬಟ್ಟೆ ಗಂಟು ಕಟ್ಟಿಟ್ಟಿದ್ದಳು. ಉಳಿದದ್ದು ಮಾವನನ್ನು ಒಂದು ಮಾತು ಕೇಳುವುದು. ಆ ಒಂದು ಮಾತಿಗೆ ಕರಿಯಣ್ಣ ದಿನವೂ ಬಾಯಿ ತೆರೆಯುತ್ತಿದ್ದ, ಅದಕ್ಕೆ ತುತ್ತು ಹಾಕಿಕೊಂಡು ಮುಚ್ಚುತ್ತಿದ್ದ.

ಬೆನ್ನ ಹಿಂದಿನ ಜೊಂಡಿನಲ್ಲಿ ಗಂಟಲು ಎರಡು ಸಲ ಕೆರೆದ ಸದ್ದಾಯಿತು.

"ಏನಪ್ಪಾ ಕರಿಯ, ಶಿವನಿ ಸ್ಟೇಷನ್ನಿಗೆ ಹೋಗ್ಬೇಕಂತೀಯಂತೆ? ಬಾಯಿ ಬಿಟ್ಟು ಹೇಳು, ತಿಳೀತಾ?"

ಎಲೆಅಡಿಕೆ ತುಂಬಿದ ಬಾಯಿ, ಮೂಗಿನಿಂದ ಹೊರಡುವ ದನಿ, ಕೊನೆಗೆ ಆ 'ತಿಳೀತಾ'. ಮಾವನಲ್ಲದೆ ಇನ್ನಾರು? ತಿರುಗಿ ನೋಡಿದರೆ ಬುಟ್ಟಿ ಸಡಿಲುತ್ತದೆ. ಹೀಗೆ ತಿರುಗಲಾರದ್ದೇ ಒಳ್ಳೆಯದಾಯಿತು. ಮುಖ ಕಾಣದಿದ್ದಾಗ ಮಾತು ಸಲೀಸು. ಕರಿಯಣ್ಣ ನೀರಿಗೆ ಹೇಳುವಂತೆ ಎಲ್ಲವನ್ನೂ ಹೇಳಿದ. ಮೇಸ್ತ್ರಿಯದು, ಕೋಣೆಯದು, ಗಂಟಿನದು.

"ಅದೇನಂದ್ರೆ ಮಾವ, ನಿಮ್ಮನೆ ಅನ್ನ ಗಂಟ್ಲಲ್ಲಿ ಇಳೀತಿಲ್ಲ. ನೀವು ಹಾಕಲ್ಲ ಅಂತಲ್ಲ. ಹಾಕಿದ್ದನ್ನ ಎಲ್ರೂ ನೋಡ್ತಾರೆ. ನನ್ ಮಗು ನನ್ನ 'ಕರಿಯ' ಅಂತದೆ ಮಾವ, ನಿಮ್ಮನ್ನ 'ಅಪ್ಪ' ಅಂತದೆ."

 ಜೊಂಡಿನೊಳಗೆ ಕುಳಿತಿದ್ದವನು ಮಾವನಲ್ಲ, ತಮ್ಮಯ್ಯ, ಪಕ್ಕದ ಮನೆಯವನು; ಗಂಡ ಹೆಂಡಿರ ಶಿವನಿಯ ಪಿಸುಮಾತು ಗೋಡೆಯಾಚೆ ಅವನ ಕಿವಿಗೆ ಬಿದ್ದಿತ್ತು. ಹಿರೇನಲ್ಲೂರು ಬಸ್ಸಿನ ಕಂಡಕ್ಟರನಿಂದ ಹಿಡಿದು ಅಮಲ್ದಾರರ ಕೆಮ್ಮಿನವರೆಗೆ ಅವನ ಗಂಟಲಿಗೆ ಬಾರದ ದನಿಯಿರಲಿಲ್ಲ. ಇಷ್ಟು ಆಳವಿದ್ದೀತೆಂದು ಅವನು ಈ ನೀರಿಗೆ ಇಳಿದಿರಲಿಲ್ಲ. ಆದರೆ ಹಾಕಿದ ವೇಷವನ್ನು ಅರ್ಧಕ್ಕೆ ಬಿಚ್ಚುವ ಅಭ್ಯಾಸವೂ ಅವನಿಗಿರಲಿಲ್ಲ.

"ಆಯ್ತು ಕಣಪ್ಪ. ಸೋಮವಾರನೇ ಹೊರಡು. ಹೆಂಡ್ತಿ ಮಗೀನೂ ಕರ್ಕೊಂಡು ಹೋಗು, ತಿಳೀತಾ?"

ಕರಿಯಣ್ಣನ ಕಣ್ಣು ತುಂಬಿ ಬಂತು. ಒರೆಸಿಕೊಳ್ಳಲೂ ಕೈಗೆ ಬಿಡುವಿರಲಿಲ್ಲ. ಹಾಗೇ ಮುಖ ಎತ್ತಿದಾಗ, ಎದುರಿಗೆ, ದಡದ ಕಡೆಯಿಂದ ನೀರು ತಳ್ಳಿಕೊಂಡು ಚೌಡಪ್ಪ ಬರುತ್ತಿದ್ದ, ತುಟಿ ಕೆಂಪಗೆ. "ಐತೇನೋ ಒಳಗೆ?" ಎಂದ. ಹಿಂದಿನ ಜೊಂಡಿನಿಂದ ಕಿಸಕ್ಕೆಂದು ತಮ್ಮಯ್ಯನ ನಗು.

ಚೌಡಪ್ಪ ಬುಟ್ಟಿಗೆ ಕೈ ಇಳಿಸಿ, ಮೊಳದುದ್ದದ ಕೊರವವನ್ನು ಕಿವಿರಿಗೆ ಬೆರಳು ಹಾಕಿ ಎತ್ತಿದ. ಕರಿಯಣ್ಣ ಒಂದೊಂದೇ ಕಾಲನ್ನು ಕೆಸರಿನಿಂದ ಕಿತ್ತುಕೊಂಡು ಅವನ ಹಿಂದೆ ದಡಕ್ಕೆ ಬಂದ.

ದಡದಲ್ಲಿ ಹುಲಿಯಮ್ಮ ಬೂದಿ ಹಚ್ಚಿ ಮೀನು ಉಜ್ಜುತ್ತಿದ್ದಳು. ಅತ್ತೆ ಭಾಗಮ್ಮ, ನಾಲ್ಕಾರು ನೆಂಟರು ಸುತ್ತ ಕುಳಿತಿದ್ದರು. ಅಷ್ಟು ಜನ ಕಂಡರೆ, ಹಿಂದೆಯೇ ಬಂದ ತಮ್ಮಯ್ಯನ ಗಂಟಲು ಸುಮ್ಮನಿರುತ್ತದೆಯೇ? ಮೊದಲು ಚೌಡಪ್ಪನಾದ, ಎಲ್ಲರೂ ನಕ್ಕರು. ಆಮೇಲೆ ಬುಟ್ಟಿಯೊಂದರ ಮೇಲೆ ಬಗ್ಗಿ ಕರಿಯಣ್ಣನಾದ. "ಅದೇನಂದ್ರೆ ಮಾವ" ಎಂದು ಶುರುಮಾಡಿ, ಮೇಸ್ತ್ರಿ, ಕೋಣೆ, ಗಂಟು, ಗಂಟಲಲ್ಲಿ ಇಳಿಯದ ಅನ್ನ, ಒಂದನ್ನೂ ಬಿಡದೆ, ದನಿಯ ನಡುಕದ ಸಮೇತ ಆಡಿ ತೋರಿಸಿದ. ಮಗುವಿನ ಮಾತೊಂದನ್ನು ಮಾತ್ರ ನುಂಗಿಕೊಂಡ. ನೆಂಟರು ಹೊಟ್ಟೆ ಹಿಡಿದುಕೊಂಡರು.

ಚೌಡಪ್ಪ ನಗಲಿಲ್ಲ. ಎಲೆಯ ರಸ ಪಕ್ಕಕ್ಕೆ ಉಗಿದ.

"ನಿಜವೇನೋ ಕರಿಯ, ಇವ್ನು ಹೇಳ್ತಿರೋದು?"

ಹುಲಿಯಮ್ಮನ ಕೈ ಮೀನಿನ ಮೇಲೆ ನಿಂತಿತು. ಕರಿಯಣ್ಣ ಅವಳನ್ನು ನೋಡಿದ, ಮಾವನನ್ನು ನೋಡಿದ.

"ಅಯ್ಯೋ ಬಿಡಿ ಮಾವ, ತಮಾಸೆಗೆ ಅಂದದ್ದು. ತಮ್ಮಯ್ಯನೇ ಅಂತ ನಂಗೆ ಆಗ್ಲೇ ಗೊತ್ತಾಗಿತ್ತು" ಎಂದು ನಕ್ಕ. ತೊಡೆ ತಟ್ಟಿಕೊಂಡು, ತಮ್ಮಯ್ಯನ ಹೆಗಲು ಹಿಡಿದುಕೊಂಡು, ಅಲ್ಲಿದ್ದವರೆಲ್ಲರಿಗಿಂತ ಜೋರಾಗಿ ನಕ್ಕ. ಚೌಡಪ್ಪನೂ ಮೆಲ್ಲಗೆ ಬಾಯಿ ಅಗಲಿಸಿದ. ತಮ್ಮಯ್ಯನಿಗೆ ನಗು ಬರಲಿಲ್ಲ. ಹೆಗಲ ಮೇಲಿನ ಬೆರಳುಗಳು ಎಲುಬಿಗೆ ತಾಗುತ್ತಿದ್ದವು. ನೆಂಟರು ನಗು ಮುಗಿಸಿ ಬೀಡಿ ಹಚ್ಚಿದ ಮೇಲೂ ಕರಿಯಣ್ಣನದು ಮುಗಿದಿರಲಿಲ್ಲ.

ಹುಲಿಯಮ್ಮ ಎದ್ದು ನಾಲ್ಕು ಹೆಜ್ಜೆ ಇಳಿದು, ಬೂದಿ ಮೆತ್ತಿದ ಕೈಗಳನ್ನು ಕೆರೆಗೆ ಅದ್ದಿದಳು. ಬೂದಿ ಬಿಟ್ಟುಕೊಂಡು, ತೆಳ್ಳಗೆ ಹರಡಿ, ಹುಲ್ಲಿನ ಬುಡಕ್ಕೆ ಹೋಗಿ ನಿಂತಿತು.